ಅಪ್ಪನ ನೋವಿಗೆ ವಿಜಯಾ ಎಣ್ಣೆ: ಬೆಂಗಳೂರಿನಲ್ಲಿ ಇದು ಕಾನೂನುಬದ್ಧವಾ? ಕೆಲಸ ಮಾಡುತ್ತದಾ?

ಜಯನಗರ_4ನೇ_ಬ್ಲಾಕ್ (ಶನಿವಾರ, ರಾತ್ರಿ 11.40)
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಇದ್ದವನು. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಅಪ್ಪನಿಗೆ 71. ಪ್ರಾಸ್ಟೇಟ್ ಕ್ಯಾನ್ಸರ್, ಈಗ ಮೂಳೆಗೆ ಹರಡಿದೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಎರಡು ಗಂಟೆಗೆ ಎದ್ದು ಹಾಲ್‌ನಲ್ಲಿ ಗೋಡೆ ಹಿಡಿದು ಓಡಾಡುತ್ತಾರೆ. ನೋವಾ ಅಂತ ಕೇಳಿದರೆ "ಏನಿಲ್ಲ, ನಿದ್ದೆ ಬರಲಿಲ್ಲ" ಅನ್ನುತ್ತಾರೆ. ಟ್ರಮಡಾಲ್ ಕೊಟ್ಟಿದ್ದಾರೆ, ಸಾಲುತ್ತಿಲ್ಲ.

ನಮ್ಮ ಭಾವ ಇನ್‌ಸ್ಟಾಗ್ರಾಂನಲ್ಲಿ ಒಂದು ಜಾಹೀರಾತು ತೋರಿಸಿದರು. "ವಿಜಯಾ ಎಣ್ಣೆ, ಆಯುಷ್ ಒಪ್ಪಿಗೆ ಇದೆ, ಕ್ಯಾನ್ಸರ್ ನೋವಿಗೆ". ವಿಡಿಯೊ ಕಾಲ್‌ನಲ್ಲಿ ಡಾಕ್ಟರ್ ಏಳು ನಿಮಿಷ ಮಾತಾಡಿ ಚೀಟಿ ಬರೆದುಕೊಟ್ಟರು. 4,200 ರೂಪಾಯಿ, 30 ಎಂಎಲ್. ಕೊರಿಯರ್‌ನಲ್ಲಿ ಮನೆಗೇ ಬಂತು. ಆಮೇಲೆ ಗೊತ್ತಾಯಿತು, ವಿಜಯಾ ಅಂದರೆ ಗಾಂಜಾ ಗಿಡ ಅಂತ. ಅಮ್ಮ ಗಾಬರಿಯಾಗಿದ್ದಾರೆ. "ಪೊಲೀಸರು ಬಂದರೆ ಬೀದಿಯವರಿಗೆ ಏನು ಮುಖ ತೋರಿಸೋದು?" ಅಂತ ಒಂದೇ ಮಾತು.

ಇದು ಕಾನೂನುಬದ್ಧವಾ? ಯಾರಾದರೂ ಬಳಸಿದ್ದೀರಾ?

ಸುಮ್ನಿರಪ್ಪ
ಶಿವರಾತ್ರಿಗೆ ಇನ್ನೂ ಟೈಮ್ ಇದೆ ಗುರು 😄

ಬನಶಂಕರಿ_ಮೇಷ್ಟ್ರು
ಮೇಲಿನವರಿಗೆ: ಪ್ರಶ್ನೆ ಓದಿ ತಮಾಷೆ ಮಾಡಿ.

ಜಯನಗರದವರೇ, ಹೆಸರು ವಿಜಯಾ ಅಂತ ಇಟ್ಟರೂ ಗಾಂಜಾ ಗಾಂಜಾನೇ. ನಾನು 30 ವರ್ಷ ಹೈಸ್ಕೂಲ್‌ನಲ್ಲಿ ಪಾಠ ಮಾಡಿದವನು. ಈ ಸೊಪ್ಪಿನಿಂದ ಹಾಳಾದ ಹುಡುಗರನ್ನು ಕಣ್ಣಾರೆ ನೋಡಿದ್ದೇನೆ. ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ರಾಗಿಮುದ್ದೆ_ಸಾರು
ಮೇಷ್ಟ್ರೇ, 71 ವರ್ಷದವರು ಇನ್ನು ಹಾಳಾಗಿ ಎಲ್ಲಿಗೆ ಹೋಗಬೇಕು? ನೋವು ಅನುಭವಿಸುವವರಿಗೆ ಗೊತ್ತು. ನಮ್ಮ ಶಿವನೇ ಸೇದಿದ ಮೇಲೆ ನಮ್ಮದೇನು?

ಬನಶಂಕರಿ_ಮೇಷ್ಟ್ರು
ಶಿವ ಹಾಲಾಹಲವನ್ನೂ ಕುಡಿದ. ನೀವು ಫಿನಾಯಿಲ್ ಕುಡಿಯುತ್ತೀರಾ?

ಸುಮ್ನಿರಪ್ಪ
ಮೇಷ್ಟ್ರು ಸಿಕ್ಸರ್ 😂

ಧಾರವಾಡ_ವಕೀಲ
ಸ್ವಲ್ಪ ದೊಡ್ಡದಾಗಿ ಬರೀತೀನಿ, ಓದ್ರಿ. ಇದರಲ್ಲಿ ಜನ ಎಡವುವುದೇ ಅರ್ಧ ತಿಳಿದುಕೊಂಡು.

1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳನ್ನು ತಡೆಯುವ ಕೇಂದ್ರದ ಕಾಯ್ದೆ, ಇಡೀ ಗಿಡವನ್ನು ನಿಷೇಧಿಸಿಲ್ಲ. ಗಾಂಜಾ ಅಂದರೆ ಏನು ಅಂತ ಅದರಲ್ಲೇ ಬರೆದಿದೆ: ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ಅಂಟು ತೆಗೆದರೆ ಅದು ಚರಸ್. ಬೀಜ ಮತ್ತು ಎಲೆ, ತುದಿಯ ಜೊತೆ ಸೇರಿರದಿದ್ದರೆ, ಗಾಂಜಾ ಅನ್ನಿಸಿಕೊಳ್ಳುವುದಿಲ್ಲ. ಒಂದೇ ಗಿಡ. ಮೇಲಿನ ಮೊಗ್ಗು ಕಿತ್ತರೆ ಜೈಲು, ಕೆಳಗಿನ ಎಲೆ ಕಿತ್ತರೆ ಭಂಗಿ. ಅದಕ್ಕೇ ಉತ್ತರ ಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರದ ಲೈಸೆನ್ಸ್ ಇರುವ ಭಂಗಿ ಅಂಗಡಿಗಳಿವೆ.

ನಮ್ಮಲ್ಲಿ 2022ರಲ್ಲಿ ಬೇಗೂರು ಪೊಲೀಸರ ಒಂದು ಪ್ರಕರಣ ಹೈಕೋರ್ಟಿಗೆ ಬಂತು. ಆರೋಪಿ ಹತ್ತಿರ 29 ಕೆಜಿ ಭಂಗಿ, 400 ಗ್ರಾಂ ಗಾಂಜಾ ಸಿಕ್ಕಿತ್ತು. ಭಂಗಿಯನ್ನು ಎನ್‌ಡಿಪಿಎಸ್‌ನಲ್ಲಿ ಎಲ್ಲೂ ನಿಷೇಧಿಸಿಲ್ಲ ಅಂತ ಕೋರ್ಟ್ ಜಾಮೀನು ಕೊಟ್ಟಿತು. ಮರುದಿನ ವಾಟ್ಸಾಪ್‌ನಲ್ಲಿ "ಕರ್ನಾಟಕದಲ್ಲಿ ಭಂಗಿ ಓಪನ್" ಅಂತ ಓಡಾಡಿತು. ಹಾಗಲ್ರಿ. ಅದು ಜಾಮೀನು ಆದೇಶ. ಮೇಲಾಗಿ ನಮ್ಮ ರಾಜ್ಯದ ಅಬಕಾರಿ ಕಾಯ್ದೆಯಲ್ಲಿ ಭಂಗಿಯೂ ಮಾದಕ ವಸ್ತುಗಳ ಪಟ್ಟಿಯಲ್ಲೇ ಇದೆ. ಎನ್‌ಡಿಪಿಎಸ್ ಬಿಟ್ಟರೂ ಅಬಕಾರಿ ಬಿಡುವುದಿಲ್ಲ.

ಔಷಧದ ದಾರಿ ಬೇರೆ. ಆಯುರ್ವೇದ ಔಷಧ ತಯಾರಿಸಲು ಲೈಸೆನ್ಸ್ ಇರುವವರು ಎಲೆ ಬಳಸಿ ಔಷಧ ಮಾಡಬಹುದು. ವೈದ್ಯರ ಚೀಟಿಯ ಮೇಲೆ ಮಾರಬಹುದು. ನಿಮ್ಮ ಬಾಟಲಿ ಮೇಲೆ ತಯಾರಿಕಾ ಲೈಸೆನ್ಸ್ ನಂಬರ್ ಮತ್ತು "ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ" ಅನ್ನುವ ಎಚ್ಚರಿಕೆ ಇದೆಯಾ ನೋಡ್ರಿ. ಚೀಟಿ, ಬಿಲ್ಲು, ಬಾಟಲಿ ಮೂರೂ ಒಟ್ಟಿಗೆ ಇಟ್ಟುಕೊಳ್ರಿ. ತಾಯಿಯವರಿಗೆ ಧೈರ್ಯ ಹೇಳ್ರಿ.

ಕೋರಮಂಗಲ_ಕೋಡರ್
1 ಕೆಜಿ ತನಕ ಇಟ್ಟುಕೊಂಡರೆ ಏನೂ ಆಗಲ್ಲ ಅಂತಾರಲ್ಲ ಸರ್?

ಧಾರವಾಡ_ವಕೀಲ
ಯಾರ್ರೀ ಹಂಗ ಹೇಳಿದವರು? ಗಾಂಜಾ 1 ಕೆಜಿ ತನಕ "ಸಣ್ಣ ಪ್ರಮಾಣ", 20 ಕೆಜಿಯಿಂದ "ವಾಣಿಜ್ಯ ಪ್ರಮಾಣ". ಸಣ್ಣ ಪ್ರಮಾಣಕ್ಕೂ ಒಂದು ವರ್ಷದ ತನಕ ಜೈಲು, ಇಲ್ಲವೇ 10,000 ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಗಿಡ ಬೆಳೆಸಿದರಂತೂ ಒಂದು ಕುಂಡ ಇದ್ದರೂ ಬೇರೆ ಲೆಕ್ಕ, 10 ವರ್ಷದ ತನಕ ಹೋಗಬಹುದು. 2024ರಲ್ಲಿ ಬೆಂಗಳೂರಿನಲ್ಲೇ ಒಬ್ಬ ದಂಪತಿ ಬಾಲ್ಕನಿ ಗಿಡಗಳ ಫೋಟೊ ಫೇಸ್‌ಬುಕ್‌ಗೆ ಹಾಕಿ ಸಿಕ್ಕಿಬಿದ್ದರು. ತುಳಸಿ ಪಕ್ಕ ಇಟ್ಟರೆ ತುಳಸಿ ಆಗುವುದಿಲ್ಲ.

ಡೆನ್ವರ್_ಶಿವಮೊಗ್ಗ
ನಾನು ಕೊಲರಾಡೊದ ಡೆನ್ವರ್‌ನಲ್ಲಿ ಇದ್ದೇನೆ, 2011ರಿಂದ. ಇಲ್ಲಿ ಈ ಪೇಟೆ ಬೆಳೆದದ್ದನ್ನು ಕಣ್ಣೆದುರೇ ನೋಡಿದ್ದರಿಂದ ಹೇಳುತ್ತೇನೆ.

ಇಲ್ಲಿ 2000ದಲ್ಲೇ ಜನ ವೋಟು ಹಾಕಿ ಔಷಧಕ್ಕೆ ಅಂತ ಒಪ್ಪಿಗೆ ಕೊಟ್ಟಿದ್ದರು. ಡಾಕ್ಟರ್ ಬರೆದುಕೊಟ್ಟರೆ ಒಂದು ಕಾರ್ಡ್ ಸಿಗುತ್ತದೆ, ಎಲ್ಲರೂ "ರೆಡ್ ಕಾರ್ಡ್" ಅನ್ನುತ್ತಾರೆ. ನಾನು ಬಂದಾಗ ನಮ್ಮ ಆಫೀಸಿನಲ್ಲಿ 25 ವರ್ಷದ ಹುಡುಗರಿಗೆಲ್ಲ ಬೆನ್ನುನೋವು! ಜಿಮ್‌ಗೆ ಹೋಗಿ ನೂರು ಕೆಜಿ ಎತ್ತುವವನಿಗೂ ಬೆನ್ನುನೋವಿನ ಕಾರ್ಡ್. 2012ರ ನವೆಂಬರ್‌ನಲ್ಲಿ ಮತ್ತೆ ವೋಟು, 2014ರ ಜನವರಿ 1ರಿಂದ 21 ದಾಟಿದ ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದು ಅಂತಾಯಿತು. ಆವತ್ತು ಹಿಮದಲ್ಲಿ ಕ್ಯೂ ನಿಂತಿದ್ದರು, ನಮ್ಮಲ್ಲಿ ಹೊಸ ಸಿನಿಮಾಗೆ ನಿಲ್ಲುವ ಹಾಗೆ. ಆಮೇಲೆ ಬರಬರುತ್ತಾ ಕಾರ್ಡ್ ಮಾಡಿಸುವವರು ಕಡಿಮೆಯಾದರು. ಬೆನ್ನುನೋವೆಲ್ಲ ಒಂದೇ ಸಲ ವಾಸಿ!

ಆದರೂ ನಿಜವಾಗಿ ಕಾಯಿಲೆ ಇರುವವರು ಈಗಲೂ ಕಾರ್ಡ್ ಇಟ್ಟುಕೊಂಡಿದ್ದಾರೆ. ಮಜಾಕ್ಕೆ ಕೊಳ್ಳುವವರಿಗೆ 15% ವಿಶೇಷ ತೆರಿಗೆ, ಕಾರ್ಡ್ ಇದ್ದರೆ ಅದಿಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ನಾನು ಗಮನಿಸಿದ್ದು ಲೇಬಲ್. ಇಲ್ಲಿ ತಿನ್ನುವ ಪದಾರ್ಥದಲ್ಲಿ ಒಂದು ತುಂಡಿಗೆ 10 ಮಿಲಿಗ್ರಾಂ ಟಿಎಚ್‌ಸಿ (ಗಿಡದಲ್ಲಿ ಅಮಲು ಏರಿಸುವ ಅಂಶ), ಅದಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ಲ್ಯಾಬ್ ಪರೀಕ್ಷೆ, ಬ್ಯಾಚ್ ನಂಬರ್ ಎಲ್ಲ ಕಡ್ಡಾಯ. ನಿಮ್ಮ ಬಾಟಲಿಯಲ್ಲಿ ಎಷ್ಟು ಟಿಎಚ್‌ಸಿ, ಎಷ್ಟು ಸಿಬಿಡಿ (ಅಮಲು ತರದ ಇನ್ನೊಂದು ಅಂಶ) ಅಂತ ಬರೆದಿದೆಯಾ? ಅಷ್ಟು ಗೊತ್ತಿಲ್ಲದೆ ಹನಿ ಎಣಿಸಿ ಪ್ರಯೋಜನವಿಲ್ಲ.

ಕೋರಮಂಗಲ_ಕೋಡರ್
ಅಣ್ಣ, ನೀವು ಟ್ರೈ ಮಾಡಿದ್ದೀರಾ? ನಿಜ ಹೇಳಿ.

ಡೆನ್ವರ್_ಶಿವಮೊಗ್ಗ
ಇಲ್ಲಪ್ಪ, ಪೌರತ್ವದ ಅರ್ಜಿ ಹಾಕಬೇಕು. ರಾಜ್ಯದಲ್ಲಿ ಒಪ್ಪಿಗೆ ಇದ್ದರೂ ಕೇಂದ್ರ ಕಾನೂನಿನಲ್ಲಿ ಇನ್ನೂ ಅಪರಾಧ. ರಾಜ್ಯ ಒಪ್ಪಿದ್ದರೂ ಪೌರತ್ವಕ್ಕೆ ಬೇಕಾದ "ಒಳ್ಳೆ ನಡತೆ"ಗೆ ಅಡ್ಡಿ ಅಂತ ವಲಸೆ ಇಲಾಖೆ 2019ರಲ್ಲಿ ಬರೆದೇ ಹಾಕಿತು. ಅಂಗಡಿಯಲ್ಲಿ ಕೆಲಸ ಮಾಡಿದರೂ ಕಷ್ಟ. ಎಚ್1ಬಿ, ಗ್ರೀನ್ ಕಾರ್ಡ್ ಇರುವ ನಮ್ಮ ಹುಡುಗರು ಇದನ್ನು ತಿಳಿದುಕೊಳ್ಳುವುದೇ ಇಲ್ಲ.

ನಮ್ಮ ಅತ್ತೆಗೆ ಮಂಡಿನೋವಿಗೆ ಹೆಂಪ್ (ಅದೇ ಗಿಡದ ಅಮಲು ಕಡಿಮೆ ಇರುವ ತಳಿ) ಬಾಮ್ ತಂದುಕೊಟ್ಟಿದ್ದೆ. ಬಾಮ್ ಕೆಲಸ ಮಾಡಿತೋ, ದಿನಾ ಅಳಿಯ ಕಾಲು ಒತ್ತಿದ್ದು ಕೆಲಸ ಮಾಡಿತೋ, ದೇವರೇ ಬಲ್ಲ.

ಸುಮ್ನಿರಪ್ಪ
ಅಳಿಯ ಕಾಲು ಒತ್ತಿದ್ದಾ? ಅಣ್ಣ, ನೀವು ಖಂಡಿತ ಏನೋ ಸೇದಿದ್ದೀರಿ.

ಯಾದಗಿರಿ_ಹುಡುಗ
ಎಲ್ಲರೂ ಅಮೆರಿಕ ಅಮೆರಿಕ ಅನ್ನುತ್ತೀರಿ. ನಮ್ಮ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಗೆ ಬನ್ನಿ. ಅಲ್ಲಿ ಭಕ್ತರು ಪೂಜೆ ಆದ ಮೇಲೆ ಸೇದುವುದು ಮೊದಲಿನಿಂದ ಇದೆ. ಆರೂಢರು, ಅವಧೂತರು, ಶರಣರ ಎಷ್ಟೋ ಪರಂಪರೆಗಳಲ್ಲಿ ಇತ್ತು. ನಮ್ಮ ಮುತ್ಯಾ ಚಿಲುಮೆ ಮುಟ್ಟುವುದಕ್ಕಿಂತ ಮೊದಲು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ವರ್ಷಕ್ಕೆ ಒಂದು ಸಲ, ಅಷ್ಟೇ. ಜಾತ್ರೆ ಮುಗಿದ ಮೇಲೆ ಮನೆಯಲ್ಲಿ ಅದರ ಹೆಸರು ಎತ್ತಿದರೆ ಬೈಯುತ್ತಿದ್ದರು.

ಬನಶಂಕರಿ_ಮೇಷ್ಟ್ರು
ಅದು ಒಪ್ಪುವ ಮಾತು. ಆದರೆ ಪಿಜಿಯಲ್ಲಿ ಇರುವ ಹುಡುಗನಿಗೆ ದಿನಾ ಜಾತ್ರೆ.

ಎಚ್‌ಎಸ್‌ಆರ್_ಟ್ರಾವೆಲರ್
ಬ್ಯಾಂಕಾಕ್ ನೋಡಿ. 2022ರ ಜೂನ್‌ನಲ್ಲಿ ಮಾದಕ ವಸ್ತುಗಳ ಪಟ್ಟಿಯಿಂದಲೇ ತೆಗೆದರು. ನಾನು ಹೋದಾಗ ಖಾವೊ ಸಾನ್ ರಸ್ತೆಯಲ್ಲಿ ನಮ್ಮ ದರ್ಶಿನಿಗಳ ಹಾಗೆ ಸಾಲು ಸಾಲು ಅಂಗಡಿ. ಹೇಳಿದ್ದು ಔಷಧಕ್ಕೆ ಅಂತ, ಕೊಳ್ಳುತ್ತಿದ್ದವರೆಲ್ಲ ಚಡ್ಡಿ ಹಾಕಿದ ಟೂರಿಸ್ಟ್‌ಗಳು. 2025ರ ಜೂನ್‌ನಲ್ಲಿ ಮತ್ತೆ ಚೀಟಿ ಇಲ್ಲದೆ ಮೊಗ್ಗು ಮಾರುವ ಹಾಗಿಲ್ಲ ಅಂತ ತಂದರು. ಬಿಟ್ಟ ಮೇಲೆ ಹಿಡಿಯುವುದು ಕಷ್ಟ.

ಮತ್ತೆ ಅಲ್ಲಿಂದ ಬ್ಯಾಗಲ್ಲಿ ಹಾಕಿಕೊಂಡು ಬರುವ ಬುದ್ಧಿವಂತರಿಗೆ: ಬ್ಯಾಂಕಾಕ್ ವಿಮಾನ ಇಳಿಯುವಾಗ ಕೆಂಪೇಗೌಡ ಏರ್‌ಪೋರ್ಟ್ ಕಸ್ಟಮ್ಸ್‌ನವರು ಕಾದೇ ಇರುತ್ತಾರೆ. ಹೈಡ್ರೊ ಗಾಂಜಾ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆಸಿದ್ದು) ಹಿಡಿದ ಸುದ್ದಿ ಪೇಪರ್‌ನಲ್ಲಿ ಬರುತ್ತಲೇ ಇರುತ್ತದೆ.

ಸಸ್ಯಮಿತ್ರ_ಆಯಿಲ್ಸ್
ಸರ್ ನಮ್ಮ ಹತ್ತಿರ ಶುದ್ಧ ಎಣ್ಣೆ ಇದೆ, ಚೀಟಿ ಬೇಡ, ಇನ್‌ಬಾಕ್ಸ್ ಮಾಡಿ. ಕ್ಯಾನ್ಸರ್ 100% ಗುಣ.

ನಿರ್ವಾಹಕ
ಮೇಲಿನ ಖಾತೆ ತೆಗೆಯಲಾಗಿದೆ. ಉದಾಹರಣೆಗೆ ಇರಲಿ ಅಂತ ಪೋಸ್ಟ್ ಮಾತ್ರ ಬಿಟ್ಟಿದ್ದೇನೆ. ಇಲ್ಲಿ ಮಾರಾಟ, ನಂಬರ್ ಹಂಚುವುದು ಬೇಡ.

ವೈದ್ಯೆ_ಉಡುಪಿ
ನಾನು ಬಿಎಎಂಎಸ್. ನಮ್ಮ ವಿದ್ಯೆಯ ಹೆಸರು ಹೇಳಿಕೊಂಡು ಈ ಜಾಹೀರಾತುಗಳು ಓಡುವುದು ನೋಡಿದರೆ ಸಿಟ್ಟು ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಆಯುರ್ವೇದದಲ್ಲಿ ವಿಜಯಾ ಇದೆ, ಸುಳ್ಳಲ್ಲ. ಜಾತೀಫಲಾದಿ ಚೂರ್ಣದಲ್ಲಿ ಬರುತ್ತದೆ, ಭೇದಿಗೆ, ಗ್ರಹಣಿಗೆ ಕೊಡುತ್ತೇವೆ. ಎಲೆಯನ್ನು ಶೋಧನೆ, ಅಂದರೆ ಶುದ್ಧಿ, ಮಾಡದೆ ಬಳಸುವುದಿಲ್ಲ. ವಿಷದ್ರವ್ಯಗಳ ಪಟ್ಟಿಯಲ್ಲಿ ಇರುವುದರಿಂದಲೇ ವೈದ್ಯರ ಮೇಲ್ವಿಚಾರಣೆ ಬೇಕು ಅಂತ ಲೇಬಲ್ ಮೇಲೆ ಬರೆಯುವುದು. ಆದರೆ ಎಲೆಯ ಸಾರವನ್ನು ಹಿಂಡಿ, ಗಟ್ಟಿ ಮಾಡಿ, ಎಣ್ಣೆಯಲ್ಲಿ ಕಲಸಿ "ಕ್ಯಾನ್ಸರ್‌ಗೆ ಐದು ಸಾವಿರ ವರ್ಷದ ಔಷಧ" ಅನ್ನುವುದು ಆಯುರ್ವೇದ ಅಲ್ಲ, ಮಾರ್ಕೆಟಿಂಗ್. ನಾಡಿ ಹಿಡಿಯದೆ ಏಳು ನಿಮಿಷದಲ್ಲಿ ಚೀಟಿ ಬರೆದವರು ನಿಮ್ಮ ತಂದೆ ಬೇರೆ ಯಾವ ಮಾತ್ರೆ ತಗೊಳ್ಳುತ್ತಾರೆ ಅಂತ ಕೇಳಿದರಾ?

ಜಯನಗರ_4ನೇ_ಬ್ಲಾಕ್ (ಭಾನುವಾರ, ಬೆಳಿಗ್ಗೆ 7.15)
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ವಕೀಲರಿಗೆ ಧನ್ಯವಾದ, ಅಮ್ಮನಿಗೆ ಓದಿ ಹೇಳಿದೆ. "ಅಬಕಾರಿ ಬಿಡುವುದಿಲ್ಲ" ಅನ್ನುವ ಸಾಲು ಮಾತ್ರ ಹಾರಿಸಿದೆ 🙂

ಬಾಟಲಿ ಮೇಲೆ ಲೈಸೆನ್ಸ್ ನಂಬರ್ ಇದೆ, ಎಚ್ಚರಿಕೆಯೂ ಇದೆ. "ವಿಜಯಾ ಪತ್ರ ಸಾರ, ಹೆಂಪ್ ಬೀಜದ ಎಣ್ಣೆ" ಅಂತ ಬರೆದಿದೆ. ಸಾರ "3000 ಮಿಲಿಗ್ರಾಂ". ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಅಂತ ಎಲ್ಲೂ ಇಲ್ಲ. ಡಾಕ್ಟರ್ ಮಾತ್ರೆಗಳ ಬಗ್ಗೆ ಕೇಳಲಿಲ್ಲ.

ಡೆನ್ವರ್_ಶಿವಮೊಗ್ಗ
ಅದೇ ನಾನು ಹೇಳಿದ್ದು. ಸಾರ 3000 ಮಿಲಿಗ್ರಾಂ ಅಂದರೆ ಕಾಫಿ ಡಿಕಾಕ್ಷನ್ ಇಷ್ಟು ಎಂಎಲ್ ಅಂದ ಹಾಗೆ. ಸ್ಟ್ರಾಂಗಾ ಲೈಟಾ ಗೊತ್ತಾಗುವುದಿಲ್ಲ.

ಅಡುಗೆಮನೆ_ಲ್ಯಾಬ್
ಫುಡ್ ಟೆಸ್ಟಿಂಗ್‌ನಲ್ಲಿ ಕೆಲಸ ಮಾಡುತ್ತೇನೆ. ಹೆಂಪ್ ಬೀಜದ ಎಣ್ಣೆ ಬರೀ ಅಡುಗೆ ಎಣ್ಣೆ. 2021ರಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿತು. ಅದರಲ್ಲಿ ನೋವು ಕಳೆಯುವಂಥದ್ದೇನೂ ಇಲ್ಲ, ಅಗಸೆ ಎಣ್ಣೆ ತರಹ ಅಂದುಕೊಳ್ಳಿ. ಕೆಲವರು ಇದೇ ಎಣ್ಣೆಯನ್ನು ಹಸಿರು ಎಲೆ ಚಿತ್ರ ಹಾಕಿ ಔಷಧದ ಬೆಲೆಗೆ ಮಾರುತ್ತಾರೆ. ನಿಮ್ಮದರಲ್ಲಿ ಸಾರ ಇದೆ, ಹಾಗಾಗಿ ಅದಲ್ಲ. ಲ್ಯಾಬ್ ರಿಪೋರ್ಟ್ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ.

ಮೊಳಕಾಲ್ಮೂರು_ರೈತ
ವಿಷಯ ಬೇರೆ, ಆದರೂ ಕೇಳುತ್ತೇನೆ. ಉತ್ತರಾಖಂಡ 2018ರಲ್ಲೇ ನಾರಿನ ಹೆಂಪ್ ಬೆಳೆಯಲು ಲೈಸೆನ್ಸ್ ಕೊಟ್ಟಿತು, ಟಿಎಚ್‌ಸಿ 0.3% ಒಳಗೆ ಇರಬೇಕು ಅಂತ. ಹಿಮಾಚಲವೂ ಹೊರಟಿದೆ. ನಮ್ಮಂಥ ಒಣ ಸೀಮೆಗೆ ಯಾಕೆ ಕೊಡಬಾರದು? ಕಡಲೆಕಾಯಿ ಮೂರು ವರ್ಷದಿಂದ ಕೈಕೊಟ್ಟಿದೆ.

ಧಾರವಾಡ_ವಕೀಲ
ಕಾಯ್ದೆಯಲ್ಲೇ ಅವಕಾಶ ಇದೆ ರೀ. ನಾರು, ಬೀಜಕ್ಕೆ ಬೆಳೆಯಲು ಸರ್ಕಾರ ಒಪ್ಪಿಗೆ ಕೊಡಬಹುದು. ಆದರೆ ಬಿಸಿಲು ಜಾಸ್ತಿಯಾಗಿ ಟಿಎಚ್‌ಸಿ ಮಿತಿ ದಾಟಿದರೆ ಬೆಳೆ ಸುಡಬೇಕು. ಆ ನಷ್ಟ ಯಾರ ತಲೆ ಮೇಲೆ?

ಮೊಳಕಾಲ್ಮೂರು_ರೈತ
ಮಾಮೂಲಿ ತಲೆ ಮೇಲೆ.

ಸಿಸ್ಟರ್_ಲೀಲಾ
ಈಗ ನೋಡಿದೆ. ನಾನು ನೋವು ನಿವಾರಣೆ ವಾರ್ಡಿನಲ್ಲಿ 14 ವರ್ಷದಿಂದ ನರ್ಸ್. ಜಯನಗರದವರೇ, ಮೊದಲು ಒಂದು ಪ್ರಶ್ನೆ. ಅಪ್ಪ ತಗೊಳ್ಳುವ ಎಲ್ಲಾ ಮಾತ್ರೆಗಳ ಹೆಸರು ಹೇಳಿ. ಕ್ಯಾನ್ಸರ್‌ಗೆ ಸಂಬಂಧ ಇಲ್ಲದ್ದೂ ಸೇರಿಸಿ.

ಜಯನಗರ_4ನೇ_ಬ್ಲಾಕ್
ಬಿಪಿ ಮಾತ್ರೆ, ಟ್ರಮಡಾಲ್, ಗ್ಯಾಸ್‌ಗೆ ಒಂದು. ಮತ್ತೆ ರಕ್ತ ಹೆಪ್ಪುಗಟ್ಟದ ಹಾಗೆ ವಾರ್ಫರಿನ್, ಹೃದಯದ ವಾಲ್ವ್ ಬದಲಾಯಿಸಿ 9 ವರ್ಷ ಆಯಿತು.

ಸಿಸ್ಟರ್_ಲೀಲಾ
ಬಾಟಲಿ ತೆರೆಯಬೇಡಿ. ತೆರೆದಿದ್ದರೆ ಇವತ್ತೇ ನಿಲ್ಲಿಸಿ, ನಾಳೆ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ. ಸಿಬಿಡಿ ಲಿವರ್‌ನಲ್ಲಿ ವಾರ್ಫರಿನ್ ಕರಗುವುದನ್ನು ತಡೆಯುತ್ತದೆ. ರಕ್ತ ಬೇಕಾದ್ದಕ್ಕಿಂತ ತೆಳುವಾಗುತ್ತದೆ. ಗೋಡೆ ಹಿಡಿದು ಓಡಾಡುವ ವಯಸ್ಸಾದವರು ಒಂದು ಸಲ ಬಿದ್ದರೆ ಸಾಕು.

ಇನ್ನೊಂದು. ಗಾಂಜಾ ಗಿಡದಿಂದ ನಿಜವಾಗಿ ಔಷಧ ಬಂದಿದೆ, ನಾನು ಅದರ ವಿರೋಧಿ ಅಲ್ಲ. ನಮ್ಮ ದೇಶದಲ್ಲಿ ಎನ್‌ಡಿಪಿಎಸ್ ಬಂದ 1985ರಲ್ಲೇ ಅಮೆರಿಕದಲ್ಲಿ ಕೀಮೊ ವಾಂತಿಗೆ ಟಿಎಚ್‌ಸಿ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. 2018ರಲ್ಲಿ ಮಕ್ಕಳ ಕಷ್ಟದ ಮೂರ್ಛೆರೋಗಗಳಿಗೆ ಸಿಬಿಡಿ ಸಿರಪ್‌ಗೆ ಸಿಕ್ಕಿತು. ಅವುಗಳಲ್ಲಿ ಎಷ್ಟು ಮಿಲಿಗ್ರಾಂ ಅಂತ ಪಕ್ಕಾ ಗೊತ್ತು. ಕ್ಯಾನ್ಸರ್ ನೋವಿಗೆ ಮಾಡಿದ ದೊಡ್ಡ ಪ್ರಯೋಗಗಳು ಅಂದುಕೊಂಡಷ್ಟು ಫಲ ಕೊಡಲಿಲ್ಲ.

ನಿಮ್ಮ ಅಪ್ಪನಿಗೆ ಬೇಕಾಗಿರುವುದು ಬಹುಶಃ ಮಾರ್ಫಿನ್, ಅಫೀಮಿನಿಂದ ಬರುವ ನೋವಿನ ಔಷಧ. ಹೆಸರು ಕೇಳಿ ಹೆದರಬೇಡಿ. ಅಗ್ಗದ ಮಾತ್ರೆ, ನುಂಗಿದರೆ ಸಾಕು, ಅಳತೆ ಏರಿಸಬಹುದು ಇಳಿಸಬಹುದು. ಮೂಳೆಗೆ ಹರಡಿದ್ದರೆ ಆ ಜಾಗಕ್ಕೆ ಒಂದೇ ಸಲದ ರೇಡಿಯೇಷನ್ ಕೊಟ್ಟರೂ ಎಷ್ಟೋ ಜನಕ್ಕೆ ನೋವು ಇಳಿಯುತ್ತದೆ, ಅದನ್ನೂ ಕೇಳಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನೋವು ನಿವಾರಣೆ ವಿಭಾಗ ಇದೆ. ಮಾರತ್ತಹಳ್ಳಿ ಕಡೆ ಕರುಣಾಶ್ರಯ ಇದೆ, 1999ರಿಂದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತಗೊಳ್ಳದೆ ನೋಡಿಕೊಳ್ಳುತ್ತಾರೆ.

ರಾಗಿಮುದ್ದೆ_ಸಾರು
ಬಂತು ನೋಡಿ ಅಲೋಪತಿ ಲಾಬಿ. ಗಿಡ ಬೇಡ, ಅಫೀಮು ಬೇಕು!

ಸಿಸ್ಟರ್_ಲೀಲಾ
ಅಫೀಮೂ ಗಿಡದಿಂದಲೇ ಬರುವುದು ಸರ್, ಗಸಗಸೆ ಗಿಡದಿಂದ. ಗಸಗಸೆ ಪಾಯಸ ತಿನ್ನುವಾಗ ಲಾಬಿ ನೆನಪಾಗುವುದಿಲ್ಲ ಅಲ್ವಾ?

ಸಿಟ್ಟು ನನಗೂ ಇದೆ, ಬೇರೆ ಕಾರಣಕ್ಕೆ. ಗಾಂಜಾ ತಡೆಯಲು ತಂದ ಅದೇ ಕಾಯ್ದೆ ಮಾರ್ಫಿನ್ನನ್ನೂ ಕಟ್ಟಿಹಾಕಿತು. ಒಂದು ಡಬ್ಬಿ ಮಾತ್ರೆ ತರಿಸಲು ಆಸ್ಪತ್ರೆಗಳು ನಾಲ್ಕೈದು ಲೈಸೆನ್ಸ್ ಮಾಡಿಸಬೇಕಿತ್ತು. ಎಷ್ಟೋ ಕಡೆ ಬೇಡವೇ ಬೇಡ ಅಂತ ಇಟ್ಟುಕೊಳ್ಳುವುದನ್ನೇ ಬಿಟ್ಟರು. 2014ರ ತಿದ್ದುಪಡಿಯಲ್ಲಿ ಸರಳ ಮಾಡಿದರು. ಆದರೂ ಎಷ್ಟೋ ಡಾಕ್ಟರಿಗೆ ಬರೆಯಲು ಇನ್ನೂ ಕೈ ನಡುಗುತ್ತದೆ. ಆ ಖಾಲಿ ಜಾಗಕ್ಕೇ ಈ ಇನ್‌ಸ್ಟಾಗ್ರಾಂ ಎಣ್ಣೆಗಳು ಬಂದು ಕೂತಿರುವುದು.

ರಾಗಿಮುದ್ದೆ_ಸಾರು
ಗಸಗಸೆ ವಿಷಯ ಒಪ್ಪಿದೆ. ಉಳಿದದ್ದಕ್ಕೆ ಆಮೇಲೆ ಬರುತ್ತೇನೆ.

ವೈದ್ಯೆ_ಉಡುಪಿ
ಸಿಸ್ಟರ್ ಹೇಳಿದ್ದು ಸರಿ. ವಾರ್ಫರಿನ್ ಇದ್ದರೆ ನಾನೂ ಕೊಡುತ್ತಿರಲಿಲ್ಲ.

ಬನಶಂಕರಿ_ಮೇಷ್ಟ್ರು
ಮಾರ್ಫಿನ್‌ಗೆ ಚಟ ಹತ್ತುವುದಿಲ್ಲವೇ?

ಸಿಸ್ಟರ್_ಲೀಲಾ
ನೋವಿಗೆ ತಕ್ಕ ಅಳತೆಯಲ್ಲಿ, ಡಾಕ್ಟರ್ ನೋಡಿಕೊಂಡು ಕೊಟ್ಟರೆ ಚಟ ತುಂಬಾ ಅಪರೂಪ. ಮಲಬದ್ಧತೆ ಮಾತ್ರ ಗ್ಯಾರಂಟಿ! ಅದಕ್ಕೆ ಮೊದಲ ದಿನದಿಂದಲೇ ಔಷಧ ಬರೆಸಿಕೊಳ್ಳಬೇಕು. ಬರೆಯಲು ಮರೆತರೆ ನೀವೇ ಕೇಳಿ, ಜಯನಗರದವರೇ.

ಕೋರಮಂಗಲ_ಕೋಡರ್
ಹಾಗಾದರೆ ಲೀಗಲ್ ಮಾಡಬೇಕಾ ಬೇಡವಾ? ಪೋಲ್ ಹಾಕೋಣ.

ನಿರ್ವಾಹಕ
ಪೋಲ್ ಬೇಡ. ಹೋದ ಸಲದ ಇಡ್ಲಿ-ದೋಸೆ ಪೋಲ್ ಜಗಳ ಇನ್ನೂ ಮುಗಿದಿಲ್ಲ.

ಜಯನಗರ_4ನೇ_ಬ್ಲಾಕ್ (ಹತ್ತು ದಿನಗಳ ನಂತರ)
ಕೇಳಿದವರಿಗಾಗಿ ಬರೆಯುತ್ತಿದ್ದೇನೆ. ಬಾಟಲಿ ತೆರೆಯಲಿಲ್ಲ. ಐಎನ್‌ಆರ್ ಸರಿಯಾಗಿದೆ. ನೋವು ನಿವಾರಣೆ ಡಾಕ್ಟರ್ ಹತ್ತಿರ ಹೋದೆವು. ಅವರು ಅಪ್ಪನನ್ನೇ ಕೇಳಿದರು, "ಹತ್ತಕ್ಕೆ ಎಷ್ಟು ನೋವು?" ಅಂತ. ನಮಗೆ ಯಾವತ್ತೂ ಹೇಳದವರು "ರಾತ್ರಿ ಹೊತ್ತು ಎಂಟು" ಅಂದರು. ನಾನು ಅಲ್ಲೇ ಕೂತಿದ್ದೆ.

ಮಾರ್ಫಿನ್ ಶುರುವಾಗಿದೆ. ಮೊದಲ ಎರಡು ದಿನ ತೂಕಡಿಕೆ, ಆಮೇಲೆ ಸರಿಹೋಯಿತು. ಸಿಸ್ಟರ್, ನೀವು ಹೇಳಿದ ಹಾಗೇ ಆಯಿತು, ಅದಕ್ಕೆ ಔಷಧ ಬರೆಯಲು ಮರೆತಿದ್ದರು, ನಾನೇ ಕೇಳಿ ಬರೆಸಿಕೊಂಡೆ. ಮುಂದಿನ ವಾರ ಸೊಂಟಕ್ಕೆ ರೇಡಿಯೇಷನ್. ಮೊನ್ನೆ ರಾತ್ರಿ ನಾನು ಎದ್ದು ಹಾಲ್‌ಗೆ ಹೋದೆ, ಅಪ್ಪ ಅಲ್ಲಿರಲಿಲ್ಲ. ಗಾಬರಿಯಾಗಿ ರೂಮಿಗೆ ಓಡಿದೆ. ಗೊರಕೆ ಹೊಡೆಯುತ್ತಿದ್ದರು.

ಸಿಸ್ಟರ್_ಲೀಲಾ
🙏 ಹಗಲು ತೂಕಡಿಕೆ ಮತ್ತೆ ಜಾಸ್ತಿ ಆದರೆ ಕಾಯಬೇಡಿ, ಫೋನ್ ಮಾಡಿ ಕೇಳಿ.

ಯಾದಗಿರಿ_ಹುಡುಗ
ಒಳ್ಳೆಯದಾಗಲಿ ಅಣ್ಣ. ಮೌನೇಶ್ವರ ಕಾಪಾಡಲಿ.

ಸುಮ್ನಿರಪ್ಪ
ಅವತ್ತಿನ ತಮಾಷೆಗೆ ಕ್ಷಮೆ ಇರಲಿ ಸರ್. ಆ 4,200 ರೂಪಾಯಿ ಬಾಟಲಿ ಏನಾಯಿತು?

ಜಯನಗರ_4ನೇ_ಬ್ಲಾಕ್
ವಾಪಸ್ ತಗೊಳ್ಳಲ್ಲ ಅಂದರು. ಅಮ್ಮ ಅದನ್ನು ದೇವರ ಮನೆಯಲ್ಲಿ ಕುಂಕುಮದ ಡಬ್ಬಿ ಹಿಂದೆ ಬಚ್ಚಿಟ್ಟಿದ್ದಾರೆ. ಪೊಲೀಸರು ಶೂ ಬಿಚ್ಚಿ ಅಲ್ಲಿಗೆ ಬರಲ್ಲ ಅಂತೆ.